ಮೊದಲು ದೇವರು, ಆಮೇಲೆ ಕಡಲು

ಹೋದ ತಿಂಗಳು ಮಂಡಕ್ಕಿ ಚೀಲಗಳ ಜೊತೆ ಲಾರಿಯಲ್ಲಿ ಕುಮಟಾದ ಕಡೆ ಹೋಗಿದ್ದೆ. ಲಾರಿ ತುಂಬ ಮಂಡಕ್ಕಿ ಹೇರಿದರೂ ಭಾರವೇನೂ ಇರುವುದಿಲ್ಲ, ಆದರೆ ಹಗ್ಗ ಬಿಗಿಯಾಗಿರಬೇಕು. ಘಟ್ಟ ಇಳಿಯುವಾಗ ಚೀಲ ಜಾರದಂತೆ ನೋಡಿಕೊಳ್ಳಲು ಒಬ್ಬ ಬೇಕೆಂದು ದಾವಣಗೆರೆ ಮಂಡಿಪೇಟೆಯ ಅಂಗಡಿಯವರು ಕೇಳಿದಾಗ ನಮ್ಮ ಮಂಡಕ್ಕಿ ಹುರಿಯುವ ಭಟ್ಟಿಯಿಂದ ನನ್ನನ್ನು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಚೀಲ ಇಳಿಸಿಯಾಯಿತು. ಡ್ರೈವರ್ ಊಟ ಮಾಡಿ ಲಾರಿಯ ನೆರಳಲ್ಲಿ ಚಾಪೆ ಹಾಸಿಕೊಂಡು ಮಲಗಿದ. ಸುಮ್ಮನೆ ರಸ್ತೆಗೆ ಬಂದ ನಾನು ಒಂದು ಆಟೋಗೆ ಕೈ ಮಾಡಿ ಆ ಗುಡ್ಡದ ಹೆಸರು ಹೇಳಿದೆ. ಹೋಗಬೇಕೆಂದು ಮನೆಯಿಂದ ಅಂದುಕೊಂಡು ಹೊರಟಿರಲಿಲ್ಲ. ಬಾಯಿ ತಾನೇ ಹೇಳಿಬಿಟ್ಟಿತು.

ಗುಡ್ಡದ ಬುಡದಲ್ಲಿ ಏನೂ ಬದಲಾಗಿರಲಿಲ್ಲ. ಬಸ್ಸು ನಿಲ್ಲುವ ಕೆಂಪು ಮಣ್ಣಿನ ಬಯಲು, ಅದರ ಅಂಚಿಗೆ ನೀಲಿ ತಾಡಪತ್ರಿ ಕಟ್ಟಿದ ಅಂಗಡಿ, ಅದರೊಳಗೆ ಕೋಕಂ ಶರಬತ್ತು ಮಾರುವ ಅದೇ ಹೆಂಗಸು. ಅಂಗಡಿಯ ಪಕ್ಕದಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋಗುವುದು ಕಾಡಿನೊಳಗೆ ಏರುತ್ತದೆ. ಬಲಕ್ಕೆ ಹೋಗುವುದು ಬಂಡೆಯ ಸೆರಗು ಹಿಡಿದು ತಿರುಗುತ್ತದೆ. ನಾನು ಬಲಕ್ಕೆ ಹೋದೆ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ನಡೆದಿರಲಿಲ್ಲ, ಬಂಡೆ ದಾಟಿದ ಕೂಡಲೇ ಎದುರಿಗೆ ಪೂರಾ ಕಡಲು. ಅಲ್ಲೊಂದು ಕಲ್ಲಿನ ಕಟ್ಟೆ ಇತ್ತು. ಅದರ ಮೇಲೆ ಇಬ್ಬರು ವಯಸ್ಸಾದ ಹೆಂಗಸರು ಊರುಗೋಲು ಪಕ್ಕಕ್ಕಿಟ್ಟುಕೊಂಡು ಶೇಂಗಾ ಸುಲಿದು ತಿನ್ನುತ್ತ ಕೂತಿದ್ದರು. ಬೆವರಿರಲಿಲ್ಲ, ಏದುಸಿರಿರಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಕೂತ ಹಾಗೆ ಕೂತಿದ್ದರು.

"ಕೂತ್ಕೊಳ್ಳಿ, ಜಾಗ ಉಂಟು" ಎಂದು ಅವರಲ್ಲಿ ಒಬ್ಬರು ಸರಿದು ಕೂತರು.

ನನಗೆ ಕೂರಲು ಆಗಲಿಲ್ಲ. ಆ ಕಟ್ಟೆಯ ಮೇಲೆ ಕೂರಬೇಕಾಗಿದ್ದವಳು ನನ್ನ ಅಕ್ಕ. ನಾಲ್ಕು ವರ್ಷದ ಹಿಂದೆ ಅವಳು ಈ ಗುಡ್ಡದವರೆಗೂ ಬಂದು, ಕಡಲು ನೋಡದೆ ವಾಪಸ್ ಹೋದಳು. ಹಾಗಾದದ್ದು ನನ್ನಿಂದ. ಇಷ್ಟು ವರ್ಷ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ನಮ್ಮ ಭಟ್ಟಿ ಕೆಲವು ವಾರ ನಿಂತಿತ್ತು. ಹಳೆಯ ಒಲೆ ಒಡೆದು ಹೊಸದು ಕಟ್ಟಿಸುತ್ತಿದ್ದರು. ದಾವಣಗೆರೆಯಲ್ಲಿ ಚಳಿಗಾಲವೆಂದರೆ ಭಟ್ಟಿಯವರಿಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಆ ಒಲೆಯ ಮುಂದೆ ನಿಂತರೆ ಮೈಯ ನೀರೆಲ್ಲ ಹೋಗುತ್ತದೆ. ಚಳಿಯಲ್ಲಿ ಮಾತ್ರ ನಸುಕಿಗೇ ಎದ್ದು ಹೋಗಲು ಮನಸ್ಸಾಗುತ್ತದೆ. ಹೊಟ್ಟು ಧಗಧಗ ಉರಿಯುತ್ತದೆ, ಬಾಣಲಿಯಲ್ಲಿ ಮರಳು ಕಾಯುತ್ತದೆ, ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಅದಕ್ಕೆ ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಅರಳಿ ಮೇಲೆ ಬರುತ್ತದೆ. ಆಗೊಂದು ವಾಸನೆ ಏಳುತ್ತದೆ, ಕಾದ ಮರಳು ಮತ್ತು ಉಪ್ಪು ಸೇರಿದ ವಾಸನೆ. ಅದನ್ನು ಕುಡಿದೇ ನಾನು ಬೆಳೆದದ್ದು.

ನಮ್ಮವ್ವ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದಳು. ಅಪ್ಪನ ಮುಖ ನನಗೆ ನೆನಪಿಲ್ಲ. ನನ್ನನ್ನು ನೋಡಿಕೊಂಡವಳು ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳಾದ ಅಕ್ಕ, ಗಿರಿಜಕ್ಕ. ನಾನು ಐದನೇ ಕ್ಲಾಸಿನವರೆಗಾದರೂ ಶಾಲೆಗೆ ಹೋದೆ. ಅವಳು ಅಷ್ಟೂ ಹೋಗಲಿಲ್ಲ, ನನ್ನನ್ನು ಎತ್ತಿಕೊಂಡೇ ಅವಳ ಶಾಲೆ ಮುಗಿಯಿತು. ಭಟ್ಟಿಯ ಹಿಂದೆ ಹೊಟ್ಟಿನ ಚೀಲಗಳ ಸಾಲು ಇರುತ್ತಿತ್ತು. ಬೀದಿ ನಲ್ಲಿಗೆ ನೀರಿಗೆ ಹೋಗುವಾಗ ಅವಳು ನನ್ನನ್ನು ಒಂದು ಚೀಲದ ಮೇಲೆ ಕೂರಿಸಿ, "ನಾ ಬರೋತನಕ ಏಳಂಗಿಲ್ಲ ನೋಡು. ಎಲ್ಲಿ ಕುಂದ್ರಿಸಿದೀನೋ ಅಲ್ಲೇ ಇರಬೇಕು" ಎಂದು ಹೇಳಿ ಹೋಗುತ್ತಿದ್ದಳು. ಒಲೆಯ ಬಾಯಿ ಹತ್ತಿರವೇ ಇತ್ತು, ಅದಕ್ಕೇ ಆ ಕಟ್ಟಪ್ಪಣೆ. ಒಂದು ದಿನ ನಲ್ಲಿಯ ಹತ್ತಿರ ಏನೋ ಜಗಳವಾಗಿ ಅವಳು ಬರುವುದು ಬಹಳ ತಡವಾಯಿತು. ಮಳೆ ಬಂತು. ನಾನು ನೆನೆದೆ, ಚಡ್ಡಿಯಲ್ಲೇ ಒಂದಕ್ಕೆ ಮಾಡಿಕೊಂಡೆ, ಆದರೆ ಚೀಲ ಬಿಟ್ಟು ಏಳಲಿಲ್ಲ. ಯಾರೋ ಬಂದು ಒಳಗೆ ಬಾ ಅಂದರೂ ಹೋಗಲಿಲ್ಲ. ಅಕ್ಕ ಬರುತ್ತಾಳೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬಂದಳು. ಅವಳು ಬಾರದೇ ಇದ್ದ ದಿನ ಒಂದೂ ಇಲ್ಲ.

ಅಕ್ಕನನ್ನು ಹರಿಹರಕ್ಕೆ ಕೊಟ್ಟರು. ಹೊಳೆಯ ಹತ್ತಿರವೇ ಮನೆ. ಭಾವ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಅವರಿಗೆ ರಜೆ ಅನ್ನುವುದೇ ಇಲ್ಲ. ಭಟ್ಟಿ ನಿಂತಿದ್ದ ಆ ವಾರಗಳಲ್ಲಿ ನನ್ನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಹಾಗಾಗಿ ನಾನು ಹರಿಹರದಲ್ಲಿ ಅಕ್ಕನ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಹೊಳೆಯ ಮೇಲೆ ಮಂಜು ಹಾಸಿರುತ್ತಿತ್ತು. ಅಕ್ಕ ಹರಿಹರೇಶ್ವರನ ಗುಡಿಗೆ ಹೋಗಿ ಬಂದೇ ಚಹಾ ಕುಡಿಯುವವಳು. ಎಡಗಾಲಿನ ಮೊಣಕಾಲು ಹಿಡಿದುಕೊಂಡು ಗುಡಿಯ ಕಂಬಗಳ ನಡುವೆ ನಿಧಾನಕ್ಕೆ ನಡೆಯುತ್ತಿದ್ದಳು. ನಾನು ಅವಳ ಹಿಂದೆ ಹೋಗುತ್ತಿದ್ದೆ. ದೊಡ್ಡವನಾದ ಮೇಲೆ ಅವಳ ಜೊತೆ ಅಷ್ಟು ದಿನ ಇದ್ದದ್ದು ಅದೇ ಮೊದಲು.

ಗುಡಿಯಿಂದ ಬರುವಾಗ ಹೊಳೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಒಂದು ದಿನ ಅವಳು ಕೇಳಿದಳು. "ಲೇ ಮಂಜ, ಕಡಲಿಗೆ ಆಚಿ ದಡನೇ ಇಲ್ಲಂತಲ್ಲ. ಹಂಗಂದ್ರೆ ಹೆಂಗಿರ್ತದೆ ಅದು?"

"ನಾನೇನ್ ನೋಡೀನಾ?" ಎಂದೆ.

"ನಾನು ಹೊಳಿ ದಂಡೀಲೇ ಇದೀನಿ. ಎಷ್ಟು ನೀರು ಬಂದ್ರೂ ಆಚಿ ದಡ ಕಾಣ್ತೈತೆ. ಪ್ರವಾಹ ಬಂದಾಗಲೂ ಹೋಗಿ ನೋಡೀನಿ. ಮರದ ತುದಿನಾದ್ರೂ ಕಾಣ್ತೈತೆ. ಏನೂ ಕಾಣದೇ ಇರೋ ನೀರು ಒಂದ್ಸಲ ನೋಡಬೇಕು ನೋಡು."

ಅವಳು ತನಗಾಗಿ ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದಾಗಿ ಕೆಲವೇ ದಿನಕ್ಕೆ ನಮ್ಮ ಭಟ್ಟಿಯ ಬಾಷಾ ಫೋನ್ ಮಾಡಿದ. ಬಾಷಾ ನನ್ನ ಜೊತೆ ಒಲೆಯ ಮುಂದೆ ನಿಲ್ಲುವವನು, ಚಿಕ್ಕಂದಿನಿಂದ ಗೆಳೆಯ. ಹೊಸ ಒಲೆ ಹಚ್ಚುವುದರೊಳಗೆ ಒಂದು ದಿನ ಎಲ್ಲರೂ ಎಲ್ಲಾದರೂ ಹೋಗಿ ಬನ್ನಿ ಎಂದು ಮಾಲೀಕರು ಮಿನಿಬಸ್ಸು ಮಾಡಿಕೊಟ್ಟಿದ್ದರು. ಕಡಲು ನೋಡುವುದೆಂದು ತೀರ್ಮಾನವಾಗಿತ್ತು. ಮನೆಯವರನ್ನೂ ಕರೆದುಕೊಂಡು ಬರಬಹುದಿತ್ತು. ನಾನು ಅಕ್ಕನ ಹೆಸರು ಹೇಳಿದೆ.

ನಸುಕಿಗೇ ಬಸ್ಸು ಹರಿಹರದ ಸೇತುವೆ ಹತ್ತಿರ ಬಂದು ನಮ್ಮನ್ನು ಹತ್ತಿಸಿಕೊಂಡಿತು. ಅಕ್ಕ ಹಸಿರು ಸೀರೆ ಉಟ್ಟು, ಒಂದು ಚೀಲದ ತುಂಬ ಖಾರ ಮಂಡಕ್ಕಿ ಕಲಸಿ ತಂದಿದ್ದಳು. ಬಾಷಾ ಮುಂದಿನ ಸೀಟು ಬಿಟ್ಟುಕೊಟ್ಟ.

"ಬರ್ರಿ ಅಕ್ಕಾರೆ, ಕೂಡ್ರಿ. ವರ್ಷಪೂರ್ತಿ ಉಪ್ಪುನೀರು ಕಲಸಿ ಕಲಸಿ ಸಾಕಾಗೈತೆ. ಈಗ ಅದನ್ನೇ ನೋಡಾಕೆ ಬಸ್ ಮಾಡ್ಕಂಡು ಹೊಂಟೀವಿ ನೋಡ್ರಿ."

"ಅದ್ರಾಗೆ ಅಕ್ಕಿ ಸುರಿದ್ರೆ ಮಂಡಕ್ಕಿ ಆಗ್ತದೇನೋ ಬಾಷಾ?" ಎಂದಳು ಅಕ್ಕ. ಬಸ್ಸೆಲ್ಲ ನಕ್ಕಿತು.

ಘಟ್ಟದಲ್ಲಿ ಇಬ್ಬರು ಮೂವರಿಗೆ ವಾಂತಿಯಾಗಿ, ಅಲ್ಲಲ್ಲಿ ನಿಂತು, ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಮೊದಲು ಗುಡ್ಡ ಹತ್ತಿ ಇಳಿಯುವುದು, ಆಮೇಲೆ ಬೀಚಿಗೆ ಹೋಗಿ ನೀರಿಗಿಳಿಯುವುದು ಎಂದು ಮಾತಾಗಿತ್ತು. ಬಸ್ಸು ನಿಂತ ಜಾಗದಿಂದ ಕಡಲು ಕಾಣುತ್ತಿರಲಿಲ್ಲ, ಗುಡ್ಡ ಅಡ್ಡವಿತ್ತು. ಸದ್ದು ಮಾತ್ರ ಸಣ್ಣಗೆ ಕೇಳುತ್ತಿತ್ತು. ಅಕ್ಕ ಕೆಳಗಿಳಿದವಳೇ ತಲೆ ಓರೆ ಮಾಡಿ ಆ ಸದ್ದು ಕೇಳುತ್ತ ನಿಂತಳು.

ಶರಬತ್ತಿನ ಹೆಂಗಸು ನಮ್ಮನ್ನು ನೋಡಿ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. "ಎಡಕ್ಕೆ ಹೋದ್ರೆ ಮೊದಲು ದೇವಿ ಗುಡಿ ಸಿಕ್ತದೆ. ಬಲಕ್ಕೆ ಹೋದ್ರೆ ಮೊದಲು ಕಡಲು. ಕಾಲು ನೋವಿದ್ದವರು ಬಲಕ್ಕೆ ಹೋಗಿ."

ನಾನು ಅಕ್ಕನ ಮುಖ ನೋಡಿದೆ.

"ದೇವರಿರೋ ಗುಡ್ಡ ಅಂತೆ" ಎಂದಳು ಅಕ್ಕ. "ಬಂದು ದೇವರಿಗೆ ಕೈ ಮುಗಿಯದೆ ಮೊದಲು ಮೋಜು ನೋಡಾಕೆ ಹೋಗ್ತಾರೇನು? ಮೊದಲು ದೇವರು, ಆಮೇಲೆ ಕಡಲು."

ನಮ್ಮ ಕಡೆ ಎಲ್ಲರೂ ಹಾಗೆಯೇ. ಜಾತ್ರೆಗೇ ಹೋಗಲಿ, ತೋಟಕ್ಕೇ ಹೋಗಲಿ, ಅಲ್ಲೊಂದು ಗುಡಿ ಇದ್ದರೆ ಮೊದಲು ಅದು. ಬಾಷಾ ಕೂಡ "ಅಕ್ಕಾರು ಹೇಳಿದ್ದು ಖರೆ, ನಡೀರಿ" ಎಂದ. ದಾರಿಗೆಂದು ಅಕ್ಕ ಒಂದಿಷ್ಟು ಮಂಡಕ್ಕಿ ಗಂಟು ಕಟ್ಟಿಕೊಂಡಳು, ಎಲ್ಲರೂ ಎಡಕ್ಕೆ ಹೊರಟೆವು.

ನಾವು ಕಂಡಿದ್ದ ಗುಡ್ಡಗಳೆಲ್ಲ ಒಂದೇ ಥರ. ಮೆಟ್ಟಿಲು ಹತ್ತುವುದು, ಮೇಲೆ ದೇವರು, ಅದೇ ಮೆಟ್ಟಿಲು ಇಳಿಯುವುದು. ಹೋದ ದಾರಿಯಲ್ಲೇ ವಾಪಸ್ ಬರುತ್ತೇವೆ ಅನ್ನುವುದು ಕೇಳಬೇಕಾದ ವಿಷಯವೇ ಆಗಿರಲಿಲ್ಲ. ಈ ದಾರಿ ಗುಡ್ಡವನ್ನು ಒಂದು ಸುತ್ತು ಹಾಕಿ, ಎಡಕ್ಕೆ ಹೋದವರನ್ನು ಬಲದಿಂದ ಅದೇ ಬಯಲಿಗೆ ತಂದು ಬಿಡುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ದಾರಿ ಬಹಳ ಕಡಿದೇನಲ್ಲ. ಆದರೆ ಬೇರು, ಕಲ್ಲು, ಒಣಗಿದ ಎಲೆ. ಅಕ್ಕ ಅರ್ಧ ದಾರಿಗೆ ಸೋತಳು. ಮೊಣಕಾಲು ಊದಿಕೊಂಡಿತ್ತು. ದಾರಿಯ ಪಕ್ಕದಲ್ಲಿ ಒಂದು ಗೋಡಂಬಿ ಮರ, ಅದರ ಕೆಳಗೆ ಚಪ್ಪಟೆ ಕಲ್ಲು. ಅಕ್ಕ ಅದರ ಮೇಲೆ ಕೂತು, "ನನ್ ಕೈಲಿ ಆಗಲ್ಲ ತಮ್ಮ. ನೀವು ಹೋಗಿ ದೇವರಿಗೆ ನನ್ನದೂ ಒಂದು ಕೈ ಮುಗೀರಿ" ಎಂದಳು.

"ಇಲ್ಲೇ ಕುಂದ್ರು. ಕೈ ಮುಗಿದು ಬಂದುಬಿಡ್ತೀನಿ. ಕೆಳಗೆ ಹೋಗಿ ಬೀಚಲ್ಲಿ ಕಡಲು ನೋಡಿದ್ರಾಯ್ತು" ಎಂದೆ. ಎರಡು ಹೆಜ್ಜೆ ಹೋಗಿ ತಿರುಗಿ, "ನಾ ಬರೋತನಕ ಏಳಂಗಿಲ್ಲ ನೋಡು" ಎಂದು ತಮಾಷೆ ಮಾಡಿದೆ. ಅವಳದೇ ಮಾತು. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು.

ಮೇಲೆ ಸಣ್ಣ ಗುಡಿ. ನಾನು ಎರಡು ಸಲ ಕೈ ಮುಗಿದೆ, ಒಂದು ನನ್ನದು, ಒಂದು ಅಕ್ಕನದು. ಗುಡಿಯ ಹಿಂದಕ್ಕೆ ಹೋದರೆ ನೆಲ ಮುಗಿದು ಕಡಲು. ಅದನ್ನು ಯಾರಿಗಾದರೂ ಹೇಗೆ ಹೇಳುವುದೆಂದು ಈಗಲೂ ನನಗೆ ಗೊತ್ತಿಲ್ಲ. ಆಚೆ ದಡ ಇರಲಿಲ್ಲ, ಅಷ್ಟು ಹೇಳಬಲ್ಲೆ.

ಅಲ್ಲಿಂದ ಕಡಲಿನ ಕಡೆಗೆ ಒಂದು ದಾರಿ ಇಳಿಯುತ್ತಿತ್ತು. ಅದೇ ದಾರಿಯಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡು ಮೇಲಕ್ಕೆ ಬಂದರು. ಕಾಲೇಜಿನವರಿರಬೇಕು. ಬಾಷಾ ಅವರನ್ನು ಕೇಳಿದಾಗ ಹುಡುಗ ಹೇಳಿದ. "ಇದು ರೌಂಡ್ ಅಂಕಲ್. ಹೀಗೇ ಇಳಿದ್ರೆ ನಿಮ್ಮ ಬಸ್ ಹತ್ರಾನೇ ಹೋಗ್ತೀರಿ. ದಾರಿ ಪೂರ್ತಿ ಸಮುದ್ರ ಕಾಣುತ್ತೆ. ನಾವು ಆ ಕಡೆ ಇಳಿತೀವಿ."

ಬಾಷಾ ಮತ್ತು ಉಳಿದವರು ಕೇಕೆ ಹಾಕುತ್ತ ಕಡಲಿನ ದಾರಿ ಹಿಡಿದರು. ನಾನು ನಿಂತೆ. ಅಕ್ಕ ಕೂತಿರುವುದು ಹಿಂದಿನ ದಾರಿಯಲ್ಲಿ. ನಾನು ಹಿಂದಕ್ಕೆ ಹೋದರೆ ಈ ಕಡಲಿನ ದಾರಿ ನನಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಎಲ್ಲವೂ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಆ ಹುಡುಗನಿಗೆ ಹೇಳಿದೆ. "ಕೆಳಗೆ ಗೋಡಂಬಿ ಮರದತ್ರ ಹಸಿರು ಸೀರೆ ಉಟ್ಕಂಡು ನಮ್ಮಕ್ಕ ಕುಂತಾರೆ. ಇಳಿದು ಬಸ್ ಹತ್ರ ಹೋಗಾಕೆ ಹೇಳ್ತೀರಾ? ಅವರ ತಮ್ಮ ಹೇಳಿದ ಅಂತ ಹೇಳ್ರಿ."

"ಆಯ್ತು ಅಂಕಲ್" ಎಂದ ಹುಡುಗ. ನಾನು ಓಡಿ ಬಾಷಾನನ್ನು ಸೇರಿಕೊಂಡೆ.

"ಅಕ್ಕಾರು?" ಎಂದ ಬಾಷಾ.

"ಹೇಳಿ ಕಳಿಸೀನಿ. ಇಳೀತಾಳೆ."

ಆ ದಾರಿಯಲ್ಲಿ ನಾವು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಪ್ರತಿ ತಿರುವಿನಲ್ಲೂ ಕಡಲು ಬೇರೆ ಥರ ಕಾಣುತ್ತಿತ್ತು. ಕೆಳಗೆ ಬಂಡೆಗೆ ಅಲೆ ಬಡಿದು ಬೆಳ್ಳಗೆ ಒಡೆಯುವುದನ್ನು ನೋಡಿ, "ಮಂಡಕ್ಕಿ ಅರಳಿದಂಗೆ ಐತಲ್ಲೋ" ಎಂದ ಬಾಷಾ. ಕೊನೆಯಲ್ಲಿ ಆ ಕಲ್ಲಿನ ಕಟ್ಟೆ ಬಂತು. ಅಲ್ಲಿಂದ ಬಂಡೆ ದಾಟಿದರೆ ಬಸ್ಸೇ. ಇಷ್ಟು ಹತ್ತಿರ ಇದೆಯಲ್ಲ, ಅಕ್ಕನನ್ನು ಕರೆತಂದು ಇಲ್ಲಿ ಕೂರಿಸಿದರಾಯಿತು ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ಮನಸ್ಸು ಹಗುರವಾಗಿ, ಅಲ್ಲೂ ಒಂದಷ್ಟು ಹೊತ್ತು ಕೂತೆ.

ಬಸ್ಸಿನ ಹತ್ತಿರ ಅಕ್ಕ ಇರಲಿಲ್ಲ. ಅವಳ ಫೋನು ಸೀಟಿನ ಮೇಲೆ ಚೀಲದಲ್ಲೇ ಇತ್ತು. ಈಗ ಬರುತ್ತಾಳೆ, ಇನ್ನೊಂದು ಕ್ಷಣಕ್ಕೆ ಬರುತ್ತಾಳೆ ಎಂದು ಕಾದೆವು. ಹೊತ್ತು ಇಳಿಯಿತು. ಕೊನೆಗೆ ನಾನು ಎಡಗಡೆಯ ದಾರಿಯಲ್ಲಿ ಓಡಿದೆ.

ಕಾಡಿನೊಳಗೆ ಆಗಲೇ ಕತ್ತಲೆ ಸೇರುತ್ತಿತ್ತು. ಅಕ್ಕ ಅದೇ ಕಲ್ಲಿನ ಮೇಲೆ ಅದೇ ಥರ ಕೂತಿದ್ದಳು. ಕೈಯಲ್ಲೊಂದು ಒಣಗಿದ ಕೊಂಬೆ ಹಿಡಿದಿದ್ದಳು.

"ಬಂದ್ಯಾ" ಎಂದಳು. "ಮಂಗ ಬಂದಿದ್ವು ಕಣೋ. ಮಂಡಕ್ಕಿಗೆ ಗಂಟು ಬಿದ್ದಿದ್ವು. ನಿನ್ನ ಪಾಲಿಂದು ಮುಟ್ಟಗೊಡಲಿಲ್ಲ." ಮಡಿಲಿನಿಂದ ಒಂದು ಸಣ್ಣ ಗಂಟು ತೆಗೆದು ಕೊಟ್ಟಳು.

ಆ ಹುಡುಗ ಹುಡುಗಿ ಬಂದಿದ್ದರೇ ಎಂದು ನಾನು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. "ಮೇಲೆ ದಾರಿ ತಪ್ಪಿತ್ತು ಅಕ್ಕ" ಎಂದೆ. ಅವಳು "ಹೂಂ" ಎಂದಳು. ಒಂದು ಕೈ ನನ್ನ ಭುಜದ ಮೇಲೆ, ಒಂದು ಕೈ ಕೊಂಬೆಯ ಮೇಲೆ ಊರಿ ಕಾಲೆಳೆಯುತ್ತ ಇಳಿದಳು. ಬಯಲಿಗೆ ಬಂದಾಗ ಪೂರ್ತಿ ಕತ್ತಲು.

ಎಲ್ಲರೂ ಬಸ್ಸಿನಲ್ಲಿ ಮುಖ ಗಂಟಿಕ್ಕಿ ಕೂತಿದ್ದರು. ಬೀಚಿಗೆ ಹೋಗುವ ಹೊತ್ತು ಮೀರಿತ್ತು. ಡ್ರೈವರ್ ಮಾರನೆಯ ಬೆಳಿಗ್ಗೆ ದಾವಣಗೆರೆಯಿಂದ ಮದುವೆಯ ಜನರನ್ನು ಕರೆದುಕೊಂಡು ಹೋಗಬೇಕಿತ್ತು. ಘಟ್ಟದಲ್ಲಿ ಮಂಜು ಬೀಳುವುದರೊಳಗೆ ದಾಟಬೇಕೆಂದು ಹಾರ್ನ್ ಒತ್ತುತ್ತಲೇ ಇದ್ದ. ಮಕ್ಕಳು ಅಳುತ್ತಿದ್ದವು, ನೀರಿನಲ್ಲಿ ಆಡಬೇಕೆಂದೇ ಬಂದಿದ್ದವು.

"ಏನ್ರೀ ಅಕ್ಕಾರೆ, ಎಲ್ಲಿ ಹೋಗಿದ್ರಿ?" ಎಂದ ಬಾಷಾ. ಅವನು ಅಕ್ಕನ ಮುಂದೆ ದನಿ ಏರಿಸಿದ್ದು ಅದೇ ಮೊದಲು. "ಇಳೀರಿ ಅಂತ ಹೇಳಿ ಕಳಿಸಿದ್ರೆ ಇಳಿಯಾಕೆ ಬರಲ್ವಾ? ಎಲ್ರೂ ನಿಮ್ಮ ದಾರಿ ಕಾಯಬೇಕಾ?"

ಎಲ್ಲರೂ ನಮ್ಮ ಕಡೆ ನೋಡುತ್ತಿದ್ದರು. ಆಗ ನಾನು ಬಾಯಿ ಬಿಟ್ಟೆ. ಅಕ್ಕ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು, ಅವಳಿಗೆ ಕೇಳಿಸುತ್ತಿತ್ತು.

"ಅಕ್ಕ ದಾರಿ ತಪ್ಪಿಸಿಕೊಂಡಿದ್ಲು" ಎಂದೆ.

ಅಕ್ಕ ನನ್ನನ್ನು ನೋಡಲಿಲ್ಲ. ಕಂಬಿ ಹಿಡಿದು ಮೇಲೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಹೌದಪ್ಪ. ದಿಕ್ಕೇ ತಿಳೀಲಿಲ್ಲ. ನನ್ನಿಂದ ಎಲ್ಲರಿಗೂ ತಡ ಆತು. ಬೇಜಾರು ಮಾಡ್ಕಬ್ಯಾಡ್ರಿ."

ಬಸ್ಸು ಹೊರಟಿತು. ಆ ಕಟ್ಟೆ ನಮ್ಮ ಬೆನ್ನ ಹಿಂದೆಯೇ ಇತ್ತು. ಅಲ್ಲಿಗೊಮ್ಮೆ ಹೋಗಿ ಬರುತ್ತೇವೆ, ಕತ್ತಲಾದರೂ ಸರಿ, ಅಕ್ಕ ಒಂದು ಸಲ ನಿಂತು ಬರಲಿ ಎಂದು ನಾನು ಕೇಳಬಹುದಿತ್ತು. ಕೇಳಿದ್ದರೆ, ತಡವಾದದ್ದು ಯಾರಿಂದ ಎನ್ನುವ ಮಾತು ಮತ್ತೆ ಬರುತ್ತಿತ್ತು. ಅದಕ್ಕೆ ಸುಮ್ಮನಿದ್ದೆ.

ಘಟ್ಟ ಹತ್ತುವಾಗ ಅಕ್ಕ ಮೆಲ್ಲಗೆ, "ಹೆಂಗಿತ್ತು ಹೇಳು. ಓಣ್ಯಾಗೆ ಎಲ್ರೂ ಕೇಳ್ತಾರೆ, ಏನಾದ್ರೂ ಹೇಳಬೇಕಲ್ಲ" ಎಂದಳು. ನಾನು ಹೇಳಿದೆ. ಬಣ್ಣ ಹೇಗಿತ್ತು, ಅಲೆ ಹೇಗೆ ಒಡೆಯುತ್ತಿತ್ತು, ದೂರದ ದೋಣಿ ಎಷ್ಟು ಚಿಕ್ಕದಿತ್ತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಡುವೆ ಒಮ್ಮೆ, "ಆಚಿ ದಡ?" ಎಂದಳು. "ಇಲ್ಲ" ಎಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ಹೊಳೆಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದೆ. ಅಕ್ಕ ಕೆಳಗೆ ಬಟ್ಟೆ ಹಿಂಡುತ್ತಿದ್ದಳು. ಓಣಿಯ ಹೆಂಗಸರು ಅವಳ ಸುತ್ತ ಸೇರಿದ್ದರು.

"ಹೇಳ್ರೀ ಗಿರಿಜಮ್ಮ, ಹೆಂಗಿತ್ತು ಕಡಲು?"

"ಏನ್ ಹೇಳಲೇ ನಿಮಗೆ" ಎಂದಳು ಅಕ್ಕ. "ಕಣ್ಣು ಓಡ್ತಾನೇ ಇರ್ತದೆ, ಎಲ್ಲೂ ನಿಲ್ಲಾಕೆ ಜಾಗನೇ ಸಿಗಲ್ಲ. ಸಾಕಾಗಿ ತಾನೇ ವಾಪಸ್ ಬರ್ತದೆ."

ಇದನ್ನು ನಾನು ಅವಳಿಗೆ ಹೇಳಿರಲಿಲ್ಲ. ಕಣ್ಣಾರೆ ನೋಡಿ ಬಂದ ನನಗೆ ಆ ಮಾತು ಹೊಳೆದಿರಲಿಲ್ಲ. ಅಲ್ಲಿ ಕೂರಲಾಗದೆ ಎದ್ದುಹೋದೆ. ಆ ಸಂಜೆಯೇ ಏನೋ ನೆಪ ಹೇಳಿ ದಾವಣಗೆರೆಗೆ ಬಂದುಬಿಟ್ಟೆ. ಹೊಸ ಒಲೆ ಹಚ್ಚಿದರು, ಕೆಲಸ ಶುರುವಾಯಿತು, ಮಗಳು ಹುಟ್ಟಿದಳು. ಅಕ್ಕನ ಮನೆಗೆ ಹೋಗುವುದು ಹಬ್ಬಕ್ಕೊಮ್ಮೆ ಆಯಿತು. ಭಟ್ಟಿಯಲ್ಲಿ ಕೆಲವರು ಇವತ್ತಿಗೂ ಆ ಪ್ರವಾಸದ ಮಾತು ಬಂದರೆ, "ಮಂಜನ ಅಕ್ಕ ದಾರಿ ತಪ್ಪಿ ನಮಗೆ ಬೀಚೇ ತಪ್ತು" ಎನ್ನುತ್ತಾರೆ. ನಾನು ಮರಳು ಕೆದಕುತ್ತಲೇ ಇರುತ್ತಿದ್ದೆ.

ಲಾರಿಯಿಂದ ವಾಪಸ್ ಬಂದ ಮಾರನೆಯ ದಿನ ಮೊದಲು ಬಾಷಾನಿಗೆ ಹೇಳಿದೆ. ಒಲೆಯ ಮುಂದೆಯೇ, ಇಬ್ಬರೂ ಕೆಲಸ ಮಾಡುತ್ತ. ಅವನು ಬಾಣಲಿ ಬಿಟ್ಟು ನಿಂತ. ಅಕ್ಕಿ ಕರಕಲಾಯಿತು.

"ಆವತ್ತು ಅಕ್ಕಾರಿಗೆ ನಾನು ಜೋರು ಮಾಡಿದೆನಲ್ಲೋ" ಎಂದ. ಸುಟ್ಟ ಅಕ್ಕಿಯನ್ನು ಎತ್ತಿ ಚೆಲ್ಲಿ, "ನನಗ್ಯಾಕ ಹೇಳ್ತಿ ಇದನ್ನ? ಹರಿಹರದ ಬಸ್ ಎಲ್ಲಿ ನಿಲ್ತದೆ ಅಂತ ಗೊತ್ತಿಲ್ವಾ ನಿನಗೆ?" ಎಂದ.

ಹೋದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಮುಖ ನೋಡದೆ ಎಲ್ಲ ಹೇಳಿದೆ. ಮೇಲೆ ನಿಂತಾಗಲೇ ನನಗೆ ಗೊತ್ತಿತ್ತು, ಕಡಲಿನ ಆಸೆಗೆ ನಿನ್ನನ್ನು ಬಿಟ್ಟು ಹೋದೆ, ಯಾರ ಕೈಯಲ್ಲೋ ಹೇಳಿ ಕಳಿಸಿದೆ, ಬಸ್ಸಿನಲ್ಲಿ ತಪ್ಪನ್ನು ನಿನ್ನ ಮೇಲೆ ಹಾಕಿದೆ ಎಂದೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಲ್ಲ ನನಗೆ. ಆ ಮಕ್ಕಳು ಬಂದಿದ್ವು" ಎಂದಳು. "ಪಾಪ, ಆ ಹುಡುಗಿ ಕೈ ಹಿಡಿದು ಎಬ್ಬಿಸಾಕೆ ನೋಡ್ತು. ಬನ್ನಿ ಆಂಟಿ, ನಿಮ್ಮ ತಮ್ಮ ಆ ಕಡೆ ಇಳಿದ್ರು, ನಾವು ಕರ್ಕಂಡು ಹೋಗ್ತೀವಿ ಅಂತು. ನೀವು ಹೋಗ್ರವ್ವ, ಅವನು ಬರ್ತೀನಿ ಅಂದಾನೆ, ಬರ್ತಾನೆ ಅಂದೆ."

"ಯಾಕಕ್ಕ? ಅವರು ಹೇಳಿದ್ರಲ್ಲ. ಆಗಲೇ ಇಳಿದಿದ್ರೆ ನಿನಗೆ ಕಡಲು ಸಿಗ್ತಿತ್ತು. ಆ ಕಟ್ಟೆ ಎಷ್ಟು ಹತ್ತಿರ ಇತ್ತು ಗೊತ್ತಾ?"

"ನಾನು ಇಳಿದು ಬಂದಿದ್ರೆ ನೀನು ಬರದೇ ಇದ್ದವನು ಆಗ್ತಿದ್ದಿ" ಎಂದಳು ಅಕ್ಕ. "ನಾನು ಕುಂತಿದ್ದಕ್ಕೆ ನೀನು ಬಂದಿ. ತಡ ಆತು, ಆದ್ರೆ ಬಂದಿ. ಇಲ್ಲಾ ಅಂದಿದ್ರೆ ಅದೊಂದು ಉಳೀತಿತ್ತು ನೋಡು ನಿನಗೆ."

ಸಿಪ್ಪೆಯನ್ನೂ ಕಾಳನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದೆ. ಅವಳು ನನ್ನ ಕೈ ಪಕ್ಕಕ್ಕೆ ಸರಿಸಿ ಸಿಪ್ಪೆ ಆರಿಸಿ ಹೊರಗೆ ಹಾಕಿದಳು.

"ಬಸ್ಸಿನ್ಯಾಗೆ ಅಂದ್ಯಲ್ಲ, ಅದು ಮಾತ್ರ ನೋವಾತು" ಎಂದಳು. "ಬಾಷಾ ಅಂದಿದ್ದಕ್ಕಲ್ಲ. ನೀನು ಅಂದಿದ್ದಕ್ಕೆ."

ಉಳಿದ ಕಾಯಿಯನ್ನೆಲ್ಲ ನನ್ನ ಕಡೆಗೆ ಎಳೆದುಕೊಂಡೆ. "ಮತ್ತೆ ಹೋಗಾಣ ಅಕ್ಕ. ನಾವಿಬ್ರೇ, ಬಸ್ಸಿಗೆ. ಈ ಸಲ ಬಲಕ್ಕೆ" ಎಂದೆ.

"ದೇವರನ್ನ ಬಿಟ್ಟು ಮೊದಲು ಕಡಲಿಗಾ?"

"ಬೆಳಿಗ್ಗೆ ಹರಿಹರೇಶ್ವರನಿಗೆ ಕೈ ಮುಗಿದೇ ಬಸ್ ಹತ್ತಾಣ. ಮೊದಲು ದೇವರು ಆತಲ್ಲ. ಸುತ್ತೋದು ಬ್ಯಾಡ, ಹತ್ತೋದು ಬ್ಯಾಡ. ಕಟ್ಟೆಗೆ ಹೋಗಿ ಕುಂದ್ರಾಣ, ಹೋದ ದಾರೀಲೇ ವಾಪಸ್ ಬರಾಣ."

ಅಕ್ಕ ಕಾಳಿನ ಪಾತ್ರೆ ಅಲುಗಿಸಿ ಸಮ ಮಾಡಿದಳು. ಏನೋ ಲೆಕ್ಕ ಹಾಕುವ ಹಾಗಿತ್ತು ಅವಳ ಮುಖ.

"ಓಣಿ ಹೆಂಗಸರಿಗೆ ಏನ್ ಹೇಳಲಿ? ನಾಲ್ಕು ವರ್ಷದಿಂದ ಕಡಲಿನ ಸುದ್ದಿ ಹೇಳೀನಿ ಅವರಿಗೆ" ಎಂದಳು. ಆಮೇಲೆ ಅವಳೇ, "ಎರಡನೇ ಸಲ ಹೊಂಟೀನಿ ಅಂತೀನಿ ಬಿಡು. ಅದ್ರಾಗೇನೈತೆ" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು, ಆ ಮರದ ಕೆಳಗೆ ನಕ್ಕ ಹಾಗೆಯೇ.

ಬರುವ ಅಮಾವಾಸ್ಯೆಗೆ ಭಟ್ಟಿ ರಜೆ. ಬಾಷಾ ಹೊಸದಾಗಿ ಹುರಿದ ಮಂಡಕ್ಕಿ ಒಂದು ಚೀಲ ಅಕ್ಕನಿಗೆಂದು ತೆಗೆದಿಟ್ಟಿದ್ದಾನೆ. ನಾನೇ ಕೊಡುತ್ತೇನೆ ಅಂದರೆ ಕೇಳಲಿಲ್ಲ, ತಾನೇ ಹರಿಹರದ ಬಸ್ ಸ್ಟ್ಯಾಂಡಿಗೆ ತಂದು ಕೊಡುತ್ತಾನಂತೆ. ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿ ಬಸ್ಸು ಎಷ್ಟಕ್ಕೆ, ಘಟ್ಟದಲ್ಲಿ ಚಳಿ ಎಷ್ಟು, ಕಟ್ಟೆಯ ಮೇಲೆ ನೆರಳಿದೆಯಾ ಎಂದೆಲ್ಲ ಕೇಳಿದಳು. ಕಡಲು ಹೆಂಗಿರುತ್ತದೆ ಎಂದು ಮಾತ್ರ ಈ ಸಲ ಕೇಳಲಿಲ್ಲ. ನಾನೂ ಹೇಳಲಿಲ್ಲ.